‘ಫಿಟ್’, ‘ಅನ್‌ಫಿಟ್’ಗಳ ನಡುವೆ ಸಿಕ್ಕಿಬಿದ್ದ ಸೊಂಟ

ಸೊಂಟ ಹಿಡಿದುಕೊಂಡರೆ ನಾಗಪುರದಲ್ಲಿ ‘ಉಸಣ್ ಭರಲೀ’ ಅನ್ನುತ್ತಾರೆ. ನಮ್ಮ ಕಲಬುರಗಿ ಕಡೆ ‘ಟೊಂಕ ಹಿಡದದ’. ಹಳೇ ಮೈಸೂರಿನವರಾದರೆ ‘ಸೊಂಟ ಹಿಡ್ಕೊಂಡಿದೆ’. ಮಾತು ಬೇರೆಯಾದರೂ ಹಳೆಯ ಮದ್ದು ಒಂದೇ: ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರನ್ನು ಹುಡುಕಿ, ಅವರ ಪಾದದಿಂದ ಸೊಂಟಕ್ಕೆ ಮೆಲ್ಲಗೆ ಒದೆಸಿಕೊಳ್ಳುವುದು. ಮರಾಠಿಯಲ್ಲಿ ಅಂಥವರಿಗೆ ‘ಪಾಯಾಳು’ ಎಂಬ ಹೆಸರೇ ಇದೆ.

ನಗಬೇಡಿ. ಒದೆಸಿಕೊಂಡವರಲ್ಲಿ ಹೆಚ್ಚಿನವರ ನೋವು ಕೆಲವೇ ವಾರಗಳಲ್ಲಿ ಇಳಿಯುತ್ತಿತ್ತು. ಒದೆಸಿಕೊಳ್ಳದಿದ್ದರೂ ಇಳಿಯುತ್ತಿತ್ತು, ಏಕೆಂದರೆ ಹೊಸದಾಗಿ ಬಂದ ಸೊಂಟನೋವಿನ ಸ್ವಭಾವವೇ ಅದು. ಆದರೂ ಪಾಯಾಳು ವೈದ್ಯಕ್ಕೆ ಒಂದು ದೊಡ್ಡ ಗುಣವಿತ್ತು. ಅದು ಯಾರನ್ನೂ ತಿಂಗಳುಗಟ್ಟಲೆ ಮಲಗಿಸುತ್ತಿರಲಿಲ್ಲ. ‘ನಿನ್ನ ಬೆನ್ನುಮೂಳೆ ಸವೆದಿದೆ’ ಎಂದು ಹೆದರಿಸುತ್ತಿರಲಿಲ್ಲ. ಒದೆಸಿಕೊಂಡವನು ತನ್ನ ಕಾಲ ಮೇಲೆ ತಾನು ನಡೆದು ಮನೆ ಸೇರುತ್ತಿದ್ದ, ಎರಡು ದಿನ ಬಿಟ್ಟು ಹೊಲದ ಕಡೆ ಹೋಗುತ್ತಿದ್ದ. ಕಳೆದ ನಲವತ್ತು ವರ್ಷಗಳಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳ ಸಂಶೋಧನೆ ಬಂದು ನಿಂತಿರುವುದೂ ಹೆಚ್ಚುಕಡಿಮೆ ಅಲ್ಲಿಗೇ.

ನಾಗಪುರದಲ್ಲಿ ಕೆಲಸದಲ್ಲಿದ್ದಾಗ ಒಂದು ಬೇಸಿಗೆ ನನ್ನ ಸೊಂಟವೂ ಹಿಡಿಯಿತು. ಗ್ಯಾಸ್ ಸಿಲಿಂಡರ್ ಎತ್ತಲು ಬಗ್ಗಿದವನು ಬಗ್ಗಿದಂತೆಯೇ ಉಳಿದೆ. ಒಬ್ಬ ವೈದ್ಯರು ಮೂರು ವಾರ ಹಲಗೆಯ ಮೇಲೆ ಮಲಗಲು ಹೇಳಿದರು. ಮಲಗಿದೆ. ಎದ್ದಾಗ ಮೊದಲಿಗಿಂತ ಹೆಚ್ಚು ಗಟ್ಟಿಯಾಗಿದ್ದೆ, ಮರದ ಕೊರಡಿನಂತೆ. ಕಚೇರಿಗೆ ಫೋನ್ ಮಾಡಿ, ಅರ್ಧ ದಿನ ಬಂದು ಕೂರಬಹುದೇ ಎಂದು ಕೇಳಿದೆ. ‘ಪೂರ್ತಿ ಫಿಟ್ ಅಂತ ಬರೆಸಿಕೊಂಡು ಬನ್ನಿ, ಇಲ್ಲದಿದ್ದರೆ ಬರಬೇಡಿ’ ಎಂಬ ಉತ್ತರ ಬಂತು. ಸೊಂಟನೋವಿನ ಬಗ್ಗೆ ಓದತೊಡಗಿದ್ದು ಅಂದಿನಿಂದ. ಓದುತ್ತಾ ಹೋದಂತೆ, ನನ್ನನ್ನು ಮನೆಯಲ್ಲಿ ಕೂರಿಸಿದ್ದು ಸೊಂಟವೋ ಆ ಕಾಗದವೋ ಎಂಬ ಅನುಮಾನ ಬಲವಾಯಿತು.

ಮೊದಲು ನೋವಿನ ವಿಚಾರ. ಲೋಕದಲ್ಲಿ ಜನರನ್ನು ಅಶಕ್ತರನ್ನಾಗಿಸುವ ಕಾಯಿಲೆಗಳ ಪಟ್ಟಿಯಲ್ಲಿ ಸೊಂಟನೋವು 1990ರಿಂದಲೂ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. 2020ರಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು, 2050ರ ಹೊತ್ತಿಗೆ ಅದು 84.3 ಕೋಟಿಗೆ ಏರಬಹುದು ಎಂದು 2023ರಲ್ಲಿ ಪ್ರಕಟವಾದ ಜಾಗತಿಕ ರೋಗಭಾರದ ಲೆಕ್ಕ ಹೇಳುತ್ತದೆ. ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಇಂಥದ್ದೇ ಮೂಳೆ, ಇಂಥದ್ದೇ ನರ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಇದು ವೈದ್ಯರಿಗೂ ಇರುಸುಮುರುಸಿನ ಸತ್ಯ. ರೋಗಿಗಂತೂ ‘ಕಾರಣ ಗೊತ್ತಾಗುತ್ತಿಲ್ಲ’ ಎಂದರೆ ‘ನಿನ್ನ ನೋವು ಸುಳ್ಳು’ ಎಂದಂತೆ ಕೇಳಿಸುತ್ತದೆ. ಹಾಗಾಗಿ ಇಬ್ಬರೂ ಸೇರಿ ಒಂದು ಕಾರಣ ಹುಡುಕುತ್ತಾರೆ. ಅದು ಎಂ.ಆರ್.ಐ. ಯಂತ್ರದೊಳಗೆ ಸಿಗುತ್ತದೆ.

ನಾಗಪುರದಲ್ಲಿ ಆ ಕಾರಣದ ಹೆಸರು ‘ಮಣಕ್ಯಾತ್ ಗ್ಯಾಪ್’. ಬೆನ್ನಿನ ಮಣಿಗಳ ನಡುವೆ ಗ್ಯಾಪ್ ಬಂದಿದೆ ಎಂದು ಅರ್ಥ. ಕನ್ನಡದಲ್ಲೂ ‘ಗ್ಯಾಪ್ ಬಂದಿದೆಯಂತೆ’, ‘ಡಿಸ್ಕ್ ಜಾರಿದೆಯಂತೆ’ ಎಂದು ಕೇಳದ ಮನೆ ಯಾವುದು? ನಿಜ ಸಂಗತಿ ಇದಕ್ಕೆ ತಿರುಗುಮುರುಗು. ವಯಸ್ಸಾದಂತೆ ಎರಡು ಮಣಿಗಳ ನಡುವಿನ ಜಾಗ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಡಿಸ್ಕ್ ಅನ್ನುವುದು ಸಾಬೂನಿನಂತೆ ಜಾರುವ ವಸ್ತುವೂ ಅಲ್ಲ. ಅದು ಉಬ್ಬಬಹುದು, ಅಪರೂಪಕ್ಕೆ ಬಿರಿದು ನರವನ್ನು ಒತ್ತಬಹುದು. ನೋವೇ ಇಲ್ಲದ 98 ಮಂದಿಯ ಎಂ.ಆರ್.ಐ. ತೆಗೆದ ಅಮೆರಿಕದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಅವರಲ್ಲಿ ಶೇ 36 ಮಾತ್ರ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ನೋವಿಲ್ಲದ ಇಪ್ಪತ್ತು ವರ್ಷದವರಲ್ಲೇ ಶೇ 37 ಮಂದಿಗೆ, ಎಂಬತ್ತರವರಲ್ಲಿ ಶೇ 96 ಮಂದಿಗೆ ಡಿಸ್ಕ್ ಸವೆತ ಕಂಡುಬಂತು. ತಲೆಗೂದಲು ನರೆಯುವಷ್ಟೇ ಸಹಜ ಅದು. ನರೆಗೂದಲನ್ನು ತೋರಿಸಿ ತಲೆನೋವಿನ ಕಾರಣ ಹೇಳುವ ವೈದ್ಯರನ್ನು ನಾವು ನಂಬುವುದಿಲ್ಲ, ಸವೆದ ಡಿಸ್ಕ್ ತೋರಿಸಿದರೆ ಮಾತ್ರ ನಂಬುತ್ತೇವೆ.

ಮಲಗುವ ಚಿಕಿತ್ಸೆಯ ಗತಿಯೂ ಇಷ್ಟೇ ಆಯಿತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೋ ಮತ್ತು ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ಮಲಗಲು ಹೇಳಿದರು. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಎರಡು ದಿನದವರು ಕಳೆದುಕೊಂಡ ಕೆಲಸದ ದಿನಗಳು ಶೇ 45ರಷ್ಟು ಕಡಿಮೆ. 1995ರಲ್ಲಿ ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು: ಒಂದು ಗುಂಪಿಗೆ ಹಾಸಿಗೆ, ಒಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ‘ನೋವು ಬಿಟ್ಟಷ್ಟು ದಿನದ ಕೆಲಸ ಮಾಡಿಕೊಂಡಿರಿ’ ಎಂಬ ಮಾತು ಮಾತ್ರ. ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ಅದನ್ನು ಓದಿದಾಗ ಹಲಗೆಯ ಮೇಲಿನ ನನ್ನ ಮೂರು ವಾರಗಳು ನೆನಪಾಗಿ ಹೊಟ್ಟೆ ಉರಿಯಿತು.

ಹಾಗೆಂದು ಎಲ್ಲ ಸೊಂಟನೋವನ್ನೂ ‘ಓಡಾಡಿ, ಸರಿಹೋಗುತ್ತೆ’ ಎಂದು ಕಳಿಸುವಂತಿಲ್ಲ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗದಲ್ಲಿ, ತೊಡೆಯ ಒಳಬದಿಯಲ್ಲಿ ಸ್ಪರ್ಶ ಹೋದರೆ, ಕಾಲಿನ ಬಲ ಕುಗ್ಗುತ್ತಾ ಬಂದರೆ ಅದೇ ದಿನ ಆಸ್ಪತ್ರೆ ಸೇರಬೇಕು, ಮರುದಿನಕ್ಕೆ ಕಾಯಬಾರದು. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಮೊದಲು ನೆನೆಯಬೇಕು. ಹಿಂದೆ ಕ್ಯಾನ್ಸರ್ ಬಂದಿದ್ದವರದ್ದು, ಬಿದ್ದ ವೃದ್ಧರದ್ದು ಬೇರೆಯೇ ಲೆಕ್ಕ. ಪಾಶ್ಚಾತ್ಯ ಕೈಪಿಡಿಗಳು ಇಲ್ಲಿಗೆ ನಿಲ್ಲಿಸುತ್ತವೆ. ನಾಗಪುರ ಸೇರಿದ ವಿದರ್ಭ ಸೀಮೆಯಲ್ಲಿ ಇನ್ನೆರಡನ್ನು ಸೇರಿಸಬೇಕಾಗುತ್ತದೆ. ಒಂದು, ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್. ನಾಗಪುರದ ಸುತ್ತಮುತ್ತ ಇದು ಹೆಚ್ಚು. ಹರೆಯದ ಹುಡುಗ ಬೆನ್ನು ಹಿಡಿದು ಒದ್ದಾಡುತ್ತಿದ್ದರೆ ಡಿಸ್ಕ್‌ಗಿಂತ ಮೊದಲು ರಕ್ತ ನೋಡಬೇಕು. ಇನ್ನೊಂದು, ಚಂದ್ರಪುರ, ಯವತ್ಮಾಳ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್. ಬೆನ್ನು ಬಿದಿರಿನಂತೆ ಸೆಟೆದು ಬಗ್ಗದಾಗುವ ಆ ಕಾಯಿಲೆ ನಮ್ಮ ಪಾವಗಡದವರಿಗೆ ಹೇಳಿಕೊಡಬೇಕಾದ್ದಲ್ಲ. ಇವನ್ನೆಲ್ಲ ಸೋಸಿ ತೆಗೆದ ಮೇಲೆ ಉಳಿಯುವ ನೂರರಲ್ಲಿ ತೊಂಬತ್ತರ ಸೊಂಟನೋವು ಈ ಲೇಖನದ ವಿಷಯ.

ಆ ತೊಂಬತ್ತರಲ್ಲಿ ಕೆಲಸದ ಪಾಲೆಷ್ಟು? ನಾಗಪುರದ ಕಳಮನಾ ಮಾರುಕಟ್ಟೆಯಲ್ಲಿ ನಸುಕಿಗೇ ನಿಂತರೆ ಪ್ರಶ್ನೆಯೇ ಹುಟ್ಟುವುದಿಲ್ಲ. ಮೆಣಸಿನಕಾಯಿಯ ಘಾಟಿಗೆ ನಾವು ಸೀನುತ್ತಿರುವಾಗ ಹಮಾಲರು ಕೊಕ್ಕೆ ಹಾಕಿ ಚೀಲ ಬೆನ್ನಿಗೇರಿಸಿ ಓಡುತ್ತಿರುತ್ತಾರೆ. ನಡೆಯುವುದಲ್ಲ, ಓಡುವುದು, ಭಾರ ಹೊತ್ತವನಿಗೆ ನಿಧಾನ ನಡೆಯುವುದೇ ಕಷ್ಟ. ಪ್ರಾಯದ ಗಂಡಸು ಹೊರುವ ಭಾರ 55 ಕೆಜಿ ಮೀರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ನೂರು ಕೆಜಿ ಚೀಲದ ಕಾಲ ಈಗ ಬಹುಪಾಲು ಮುಗಿದಿದ್ದರೂ ಐವತ್ತು ಕೆಜಿಯನ್ನು ದಿನಕ್ಕೆ ನೂರಾರು ಸಲ ಹೊತ್ತರೆ ಬೆನ್ನು ಯಾವ ಸಂಸ್ಥೆಯ ಶಿಫಾರಸನ್ನೂ ಓದುವುದಿಲ್ಲ.

ಇನ್ನೊಂದು ಬಗೆಯ ಭಾರ ಕಣ್ಣಿಗೆ ಕಾಣದ್ದು. ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಮತ್ತು ಮ್ಯಾಂಗನೀಸ್ ಅದಿರಿನ ಮಾಯಿಲ್, ಎರಡು ಸರ್ಕಾರಿ ಗಣಿ ಕಂಪನಿಗಳ ಕೇಂದ್ರ ಕಚೇರಿಗಳೂ ನಾಗಪುರದಲ್ಲಿವೆ. ಉಮರೇಡ್‌ನಂಥ ತೆರೆದ ಗಣಿಗಳಲ್ಲಿ ಡಂಪರ್ ಓಡಿಸುವವನು ಏನನ್ನೂ ಎತ್ತುವುದಿಲ್ಲ, ಆರಾಮಾಗಿ ಕೂತಿರುತ್ತಾನೆ. ಆದರೆ ಸೀಟಿನಿಂದ ಬೆನ್ನಿಗೇರುವ ನಡುಕ ಪಾಳಿ ಮುಗಿಯುವವರೆಗೆ ನಿಲ್ಲುವುದಿಲ್ಲ. ಮನುಷ್ಯನ ಬೆನ್ನಿಗೆ ತನ್ನದೇ ಒಂದು ತೂಗುಗತಿ ಇದೆ, ಸೆಕೆಂಡಿಗೆ ಸುಮಾರು ನಾಲ್ಕರಿಂದ ಆರು ಸಲ. ದೊಡ್ಡ ವಾಹನಗಳ ಕುಲುಕಾಟವೂ ಬಹಳ ಸಲ ಅದೇ ಗತಿಯದು. ಎರಡೂ ಕೂಡಿದಾಗ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ನಡುಕ ಒಳಗೊಳಗೇ ಹೆಚ್ಚುತ್ತದೆ.

ಇದನ್ನು ಅಳೆದು ನೋಡಿದ ಸಂಸ್ಥೆಯ ಕತೆ ಕನ್ನಡಿಗರಿಗೆ ಹತ್ತಿರದ್ದು. ರಾಷ್ಟ್ರೀಯ ಗಣಿಕಾರ್ಮಿಕರ ಆರೋಗ್ಯ ಸಂಸ್ಥೆ 1990ರಲ್ಲಿ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲಿ. ಆಮೇಲೆ ಮುಖ್ಯ ಕಚೇರಿ ನಾಗಪುರದ ವಾಡಿಗೆ ಬಂತು (ಸಿಮೆಂಟಿನ ನಮ್ಮ ವಾಡಿ ಅಲ್ಲ). ಡಂಪರ್ ಚಾಲಕರ ಸೀಟಿನ ಮೇಲೆ ಮಾಪಕ ಇಟ್ಟು ನಡುಕ ಅಳೆದು, ಅವರಲ್ಲಿ ಸೊಂಟನೋವು ಎಷ್ಟು ವ್ಯಾಪಕ ಎಂದು ದಾಖಲಿಸಿದ್ದು ಈ ಸಂಸ್ಥೆಯ ಕೆಲಸ. 2019ರ ಜುಲೈಯಲ್ಲಿ ಕೇಂದ್ರ ಸಂಪುಟ ಅದನ್ನು ವಿಸರ್ಜಿಸಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯೊಳಗೆ ವಿಲೀನಗೊಳಿಸಲು ಒಪ್ಪಿತು. ಗಣಿಗಳ ನಡುವೆಯೇ ಇದ್ದ ಸಂಸ್ಥೆ ಸ್ವತಂತ್ರವಾಗಿ ಉಳಿಯಬೇಕಿತ್ತು ಎಂದು ನನಗನ್ನಿಸುತ್ತದೆ. ಹಳೆಯ ಗಣಿ ಕಾಯ್ದೆಯಡಿ ವರದಿ ಮಾಡಲೇಬೇಕಾಗಿದ್ದ ರೋಗಗಳಲ್ಲಿ ಸಿಲಿಕೋಸಿಸ್ ಇತ್ತು, ಮ್ಯಾಂಗನೀಸ್ ವಿಷ ಇತ್ತು. ಚಾಲಕನ ಸೊಂಟನೋವಿಗೆ ಅಲ್ಲಿ ಜಾಗವಿರಲಿಲ್ಲ.

ಹೆಂಗಸರ ಸೊಂಟದ ಲೆಕ್ಕ ಇನ್ನೂ ಕಡಿಮೆ ಜನ ಇಟ್ಟಿದ್ದಾರೆ. ಭಂಡಾರಾ, ಗೊಂದಿಯಾ ಕಡೆ ಕಾಲು ಮಡಚಿ ಕೂತು ದಿನವಿಡೀ ಬೀಡಿ ಸುತ್ತುವವರು, ಬಗ್ಗಿ ಭತ್ತದ ನಾಟಿ ಮಾಡುವವರು, ಹತ್ತಿ ಬಿಡಿಸುವವರು ಬಹುಪಾಲು ಅವರೇ. ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿಯ ‘ಸರ್ಚ್’ ಸಂಸ್ಥೆ ಹಳ್ಳಿಗರ ಬೆನ್ನುನೋವನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ಕೈಗೆತ್ತಿಕೊಂಡದ್ದು, ಮುಂಬೈಯ ಶಸ್ತ್ರವೈದ್ಯ ಶೇಖರ್ ಭೋಜರಾಜ್ ಅವರ ಬಳಗ ಅಲ್ಲಿಗೆ ಹೋಗಿ ಬೆನ್ನಿನ ಚಿಕಿತ್ಸಾಲಯ ನಡೆಸಿದ್ದು ಅದಕ್ಕೇ ದೊಡ್ಡ ಮಾತು. ಮಲೇರಿಯಾ, ಶಿಶುಮರಣಗಳ ನಾಡಿನಲ್ಲಿ ಬೆನ್ನುನೋವಿಗೇನು ಅವಸರ ಎಂದು ಕೇಳಬಹುದು. ಸಾಯಿಸದ ಕಾಯಿಲೆ ಎಂಬ ಕಾರಣಕ್ಕೇ ಅದು ದಿನವೂ ಕೂಲಿ ಕಸಿಯುತ್ತದೆ.

ಭಾರ, ನಡುಕ, ಬಗ್ಗುವಿಕೆ ಇಷ್ಟರಿಂದಲೇ ಎಲ್ಲ ಆಗುತ್ತದೆ ಎಂದರೆ ಅರ್ಧ ಸತ್ಯ. ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೆಯ 3,020 ಕೆಲಸಗಾರರನ್ನು ನಾಲ್ಕು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 1991ರಲ್ಲಿ ಹೊರಬಂತು. ಕೆಲಸದಲ್ಲಿ ಖುಷಿಯೇ ಕಾಣದವರು ಬೆನ್ನಿನ ದೂರು ಕೊಡುವ ಸಂಭವ ಉಳಿದವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಇದನ್ನು ಹಿಡಿದುಕೊಂಡು ‘ಸೊಂಟನೋವೆಲ್ಲ ಮನಸ್ಸಿನದು, ಕೆಲಸಗಳ್ಳತನ’ ಎನ್ನುವ ಮ್ಯಾನೇಜರುಗಳನ್ನು ನಾನು ಕಂಡಿದ್ದೇನೆ. ಅಧ್ಯಯನ ಹೇಳಿದ್ದು ಅದನ್ನಲ್ಲ. ನೋವು ಎಲ್ಲರಿಗೂ ಬರುತ್ತದೆ. ಆ ನೋವಿನೊಡನೆ ನಾಳೆ ಕೆಲಸಕ್ಕೆ ಹೋಗುವುದೋ ಬಿಡುವುದೋ ಎಂಬುದನ್ನು ಹೋಗುವ ಜಾಗ ಎಂಥದ್ದು ಎಂಬುದೂ ತೀರ್ಮಾನಿಸುತ್ತದೆ ಅಂದಿತು, ಅಷ್ಟೇ. ಬೈಯುವ ಮೇಸ್ತ್ರಿಯ ಮುಂದೆ ನೋಯುವ ಸೊಂಟ ಇನ್ನಷ್ಟು ನೋಯುತ್ತದೆ. ಇದನ್ನು ತಿಳಿಯಲು ಬೋಯಿಂಗ್ ತನಕ ಹೋಗಬೇಕಾಗಿರಲಿಲ್ಲ.

ಇನ್ನು ಕಾಗದದ ವಿಚಾರಕ್ಕೆ ಬರೋಣ. ನನ್ನ ತಕರಾರು ಇರುವುದು ಇಲ್ಲೇ.

ಕಾರ್ಮಿಕನ ಪೆಟ್ಟಿಗೆ ಮಾಲೀಕ ಹಣ ಕೊಡಬೇಕೆಂಬ ಆಲೋಚನೆಗೆ ನಾಗಪುರದಲ್ಲಿ ಹಳೆಯ ಬೇರಿದೆ. ಜಮ್‌ಶೆಟ್‌ಜಿ ಟಾಟಾ ಇಲ್ಲಿ ಎಂಪ್ರೆಸ್ ಮಿಲ್ ತೆರೆದದ್ದು 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿ ಭಾರತದ ಸಾಮ್ರಾಜ್ಞಿಯೆಂದು ಘೋಷಣೆಯಾದ ದಿನವೇ. ಆ ಮಿಲ್ 1886ರಲ್ಲಿ ಪಿಂಚಣಿ ನಿಧಿಯನ್ನೂ 1895ರಲ್ಲಿ ಅಪಘಾತ ಪರಿಹಾರ ನಿಧಿಯನ್ನೂ ಆರಂಭಿಸಿತು. ಸರ್ಕಾರದ ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. ಇಪ್ಪತ್ತೆಂಟು ವರ್ಷ ಮುಂದಿತ್ತು ಈ ಊರು. ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಕಾಯ್ದೆಗಳು ಬೆಳೆದವು, 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ಇಎಸ್‌ಐ ಬಂತು. ಆದರೆ ಬೆಳೆದದ್ದೆಲ್ಲ ಒಂದೇ ದಿಕ್ಕಿಗೆ: ಪೆಟ್ಟಾದವನಿಗೆ ಎಷ್ಟು ಕೊಡಬೇಕು ಎಂಬ ದಿಕ್ಕಿಗೆ. ಅವನು ಮರಳಿ ಬರುವುದು ಹೇಗೆ ಎಂದು ಕೇಳಿದವರು ಕಡಿಮೆ.

ಇಎಸ್‌ಐ ಕಾಯ್ದೆ ‘ಕಾಯಿಲೆ’ ಎಂದರೇನೆಂದು ಬರೆದಿದ್ದನ್ನು ನೋಡಿ: ಚಿಕಿತ್ಸೆ ಬೇಕಾಗುವ, ಮತ್ತು ವೈದ್ಯಕೀಯ ಕಾರಣಕ್ಕೆ ಕೆಲಸದಿಂದ ದೂರ ಇರಲೇಬೇಕಾದ ಸ್ಥಿತಿ. ಕೆಲಸಕ್ಕೆ ಹೋದರೆ ಕಾಯಿಲೆಯಲ್ಲ, ಕಾಯಿಲೆಯಾದರೆ ಕೆಲಸವಿಲ್ಲ. ನಾಗಪುರದ ಹೊರಗಿನ ಬುಟಿಬೋರಿಯ ಕಾರ್ಖಾನೆಯ ಕೆಲಸಗಾರನಿಗೆ ಸೊಂಟ ಹಿಡಿದರೆ ಮೊದಲೆರಡು ದಿನ ಬಿಟ್ಟು ಕೂಲಿಯ ಶೇ 70ರಂತೆ ವರ್ಷಕ್ಕೆ 91 ದಿನ ಅನಾರೋಗ್ಯ ಭತ್ಯೆ ಸಿಗುತ್ತದೆ. ಅದು ದೊಡ್ಡ ಆಸರೆ, ಅಲ್ಲಗಳೆಯುವಂತಿಲ್ಲ. ಭತ್ಯೆಯ ಅವಧಿಯಲ್ಲಿ ಅವನನ್ನು ಕೆಲಸದಿಂದ ತೆಗೆಯುವಂತೆಯೂ ಇಲ್ಲ. ಆದರೆ ಅವನು ವೈದ್ಯರ ಮಾತು ಕೇಳಿ ನಾಲ್ಕು ಗಂಟೆ ಹಗುರ ಕೆಲಸಕ್ಕೆ ಹೋಗುತ್ತೇನೆಂದರೆ? ಆ ದಿನದ ಭತ್ಯೆ ಹೋಯಿತು. ಮಾಲೀಕ ಅರ್ಧ ದಿನಕ್ಕೆ ಅರ್ಧ ಕೂಲಿ ಕೊಟ್ಟರೆ ಶೇ 50. ಮನೆಯಲ್ಲಿ ಮಲಗಿದರೆ ಶೇ 70. ಯಾವ ಲೆಕ್ಕಿಗನನ್ನು ಕೇಳಿದರೂ ಮಲಗು ಅನ್ನುತ್ತಾನೆ.

ಮುಂದಿನ ಮೆಟ್ಟಿಲು ಇನ್ನೂ ವಿಚಿತ್ರ. ದೀರ್ಘಕಾಲದ 34 ಕಾಯಿಲೆಗಳಿಗೆ ಇಎಸ್‌ಐ ಶೇ 80ರ ವಿಸ್ತರಿತ ಭತ್ಯೆಯನ್ನು ಎರಡು ವರ್ಷದವರೆಗೂ ಕೊಡುತ್ತದೆ. ಆ ಪಟ್ಟಿಯಲ್ಲಿ ಬೆನ್ನುಮಣಿ ಸರಿದದ್ದು, ಡಿಸ್ಕ್ ಹೊರಚಾಚಿದ್ದು ಇದೆ. ಬರೀ ಸೊಂಟನೋವು ಇಲ್ಲ. ಈಗ 1994ರ ಆ 98 ಮಂದಿಯನ್ನು ನೆನಪಿಸಿಕೊಳ್ಳಿ. 91 ದಿನ ಮುಗಿಯುತ್ತಾ ಬಂದವನಿಗೆ ಎಂ.ಆರ್.ಐ.ಯಲ್ಲಿ ಏನಾದರೂ ಕಾಣಿಸಲಿ ಎಂಬ ಆಸೆ ಹುಟ್ಟಿದರೆ ತಪ್ಪು ಅವನದ್ದಲ್ಲ. ಕಂಡೇ ಕಾಣಿಸುತ್ತದೆ. ಕಂಡ ಮೇಲೆ ‘ಡಿಸ್ಕ್ ಪೇಷಂಟ್’ ಎಂಬ ಹಣೆಪಟ್ಟಿ ಬೀಳುತ್ತದೆ. ಭತ್ಯೆ ಮುಗಿದರೂ ಹಣೆಪಟ್ಟಿ ಕಳಚುವುದಿಲ್ಲ.

ಕಲ್ಲಿದ್ದಲಿನಲ್ಲಿ ಈ ಗಂಟು ಮನೆಯೊಳಗೇ ಬರುತ್ತದೆ. ರಾಷ್ಟ್ರೀಯ ಕಲ್ಲಿದ್ದಲು ವೇತನ ಒಪ್ಪಂದದ 9.4.0 ಕಲಮಿನ ಪ್ರಕಾರ, ಶಾಶ್ವತವಾಗಿ ಅಶಕ್ತನೆಂದು ಪ್ರಮಾಣಿತನಾಗಿ ಕೆಲಸ ಕಳೆದುಕೊಂಡವನ ಅವಲಂಬಿತರೊಬ್ಬರಿಗೆ ಕೆಲಸ ಕೊಡಬೇಕು. ಕರುಣೆಯ ನಿಯಮ, ಹೋರಾಡಿ ಗಳಿಸಿದ್ದು. ಆದರೆ ಐವತ್ತರ ಆಸುಪಾಸಿನ ಡಂಪರ್ ಚಾಲಕನ ಮನೆಯಲ್ಲಿ ಡಿಗ್ರಿ ಮುಗಿಸಿ ಕೂತ ಮಗನಿದ್ದಾಗ, ಅಪ್ಪನ ಸೊಂಟ ಸರಿಹೋಗುವುದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ? ವೈದ್ಯಕೀಯ ಮಂಡಳಿಯ ಮುಂದೆ ನಿಂತ ಆ ಮನುಷ್ಯನನ್ನು ಕಪಟಿ ಎಂದು ಕರೆಯಲು ನನಗೆ ನಾಲಿಗೆ ಬಾರದು. ಗುಣವಾಗುವುದರಿಂದ ಮನೆಗೆ ನಷ್ಟವಾಗುವ ಹಾಗೆ ನಿಯಮ ಮಾಡಿದವರು ನಾವು.

ಬೇರೆಡೆ ಈ ಗಂಟನ್ನು ಹೇಗೆ ಬಿಡಿಸಿದರು? ಬ್ರಿಟನ್ 2010ರ ಏಪ್ರಿಲ್‌ನಲ್ಲಿ ತನ್ನ ಹಳೆಯ ಸಿಕ್ ನೋಟ್ ಬಿಟ್ಟು ‘ಫಿಟ್ ನೋಟ್’ ತಂದಿತು. ಅದರಲ್ಲಿ ‘ಕೆಲಸಕ್ಕೆ ತಕ್ಕವನಲ್ಲ’ ಎಂಬುದರ ಜತೆಗೆ ‘ಈ ಸಲಹೆಗಳಂತೆ ನಡೆದರೆ ತಕ್ಕವನಾಗಬಹುದು’ ಎಂಬ ಇನ್ನೊಂದು ಚೌಕವಿದೆ. ಹಂತಹಂತವಾಗಿ ಬರಲಿ, ಹೊತ್ತು ಬದಲಾಗಲಿ, ಕೆಲಸ ಬದಲಾಗಲಿ, ಜಾಗ ಬದಲಾಗಲಿ ಎಂದು ವೈದ್ಯರು ಗುರುತು ಹಾಕಬಹುದು. ಅಲ್ಲಿನ ವೈದ್ಯರು ಆ ಚೌಕವನ್ನು ಎಷ್ಟು ಮನಸ್ಸಿಟ್ಟು ತುಂಬುತ್ತಾರೆ ಎಂಬುದು ಬೇರೆ ಮಾತು. ಚೌಕ ಇದೆಯಲ್ಲ, ನಮಗೆ ಅದೇ ಇಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಪ್ಯಾಟ್ರಿಕ್ ಲ್ವಾಝೆಲ್ ಮತ್ತು ಸಂಗಡಿಗರು ಶೆರ್‌ಬ್ರೂಕ್ ಊರಿನ ಕಾರ್ಖಾನೆಗಳ 130 ಕೆಲಸಗಾರರ ಮೇಲೆ ನಡೆಸಿದ ಪ್ರಯೋಗ 1997ರಲ್ಲಿ ಪ್ರಕಟವಾಯಿತು. ಅವರು ಚಿಕಿತ್ಸೆಯ ಜತೆಗೆ ಮಾಡಿದ್ದು ಬಹಳ ಸರಳ: ಕೆಲಸಗಾರ, ಅವನ ಮೇಲ್ವಿಚಾರಕ, ಒಬ್ಬ ತಜ್ಞ ಮೂವರೂ ಕೆಲಸದ ಜಾಗದಲ್ಲೇ ನಿಂತು ಏನು ಬದಲಿಸಬಹುದು ಎಂದು ಮಾತಾಡಿದರು. ಹಾಗೆ ಮಾಡಿದವರು ತಮ್ಮ ಮಾಮೂಲು ಕೆಲಸಕ್ಕೆ ಮರಳಿದ್ದು ಉಳಿದವರಿಗಿಂತ 2.4 ಪಟ್ಟು ಬೇಗ. ಆಸ್ಪತ್ರೆಯೊಳಗಿನ ಯಾವ ಯಂತ್ರಕ್ಕೂ ಇಷ್ಟು ಫಲ ಬಂದದ್ದನ್ನು ನಾನು ಓದಿಲ್ಲ.

ನಾಗಪುರಕ್ಕೆ ಇದು ಹೊಸ ವಿದ್ಯೆಯಾಗಬೇಕಿಲ್ಲ. ಅಮೆರಿಕದಲ್ಲಿ ಹುಟ್ಟಿ, ಮರಾಠಿ ಮನೆಯ ಸೊಸೆಯಾಗಿ ಬಂದ ಕಮಲಾ ನಿಂಬಕರ್ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಶನಲ್ ಥೆರಪಿ ಶಾಲೆ ಆರಂಭಿಸಿದರು. ಅದೇ ದಶಕ ಮುಗಿಯುವುದರೊಳಗೆ ಇಂಥ ಶಾಲೆ ನಾಗಪುರದ ಸರ್ಕಾರಿ ವೈದ್ಯಕೀಯ ಕಾಲೇಜಿಗೂ ಬಂತು. ಆಕ್ಯುಪೇಶನಲ್ ಥೆರಪಿ ಎಂದರೆ ಕಸುಬಿನ ಮೂಲಕ, ಕಸುಬಿಗಾಗಿ ಚಿಕಿತ್ಸೆ. ಮೆಡಿಕಲ್ ಕಾಲೇಜಿನ ಆ ವಿದ್ಯೆ ಊರಾಚೆಯ ಕಾರ್ಖಾನೆಯ ನೆಲಕ್ಕೆ, ಕಳಮನಾದ ಕಟ್ಟೆಗೆ ಇಳಿಯಬೇಕು.

ಇಳಿದರೆ ‘ಹಗುರ ಕೆಲಸ’ ಹೇಗಿದ್ದೀತು? ಡಂಪರ್ ಚಾಲಕನಿಗೆ ಕೆಲವು ವಾರ ಕಚೇರಿಯ ಕೆಲಸ. ಮುಖ್ಯವಾಗಿ ಗಣಿರಸ್ತೆಯ ಗುಂಡಿ ಮುಚ್ಚುವುದು, ಕೆಟ್ಟ ಸೀಟು ಬದಲಿಸುವುದು. ರಸ್ತೆ ಹಾಗೇ ಇಟ್ಟು ಚಾಲಕನಿಗೆ ಮಾತ್ರ ವ್ಯಾಯಾಮ ಹೇಳುವುದು ಒಡೆದ ಕೊಡಕ್ಕೆ ನೀರು ತುಂಬಿದಂತೆ. ಬೀಡಿ ಸುತ್ತುವಾಕೆಗೆ ಒಂದು ಮಣೆ, ಬೆನ್ನಿಗೆ ಗೋಡೆ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಹಮಾಲನಿಗೆ ಕೈಗಾಡಿ, ಇಬ್ಬರು ಸೇರಿ ಎತ್ತುವ ಚೀಲ, ಅಥವಾ ಎರಡು ವಾರ ತಕ್ಕಡಿಯ ಬಳಿ, ಚೀಲದ ಬಾಯಿ ಹೊಲಿಯುವಲ್ಲಿ. ಹಮಾಲರ ಟೋಳಿಗಳು ಇಂಥ ಹೊಂದಾಣಿಕೆಯನ್ನು ತಮ್ಮೊಳಗೇ ಮಾಡಿಕೊಳ್ಳುವುದುಂಟು. ಗಳಿಕೆ ಹಂಚಿಕೊಳ್ಳುವ ಟೋಳಿಯಲ್ಲಿ ಸೊಂಟ ಹಿಡಿದವನಿಗೆ ಹಗುರದ್ದು ಬಿಟ್ಟುಕೊಟ್ಟು ಉಳಿದವರು ಹೊರುತ್ತಾರೆ. ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆ ಹಮಾಲರಿಗೆ ಮಂಡಳಿ, ಭವಿಷ್ಯನಿಧಿ ತಂದುಕೊಟ್ಟಿತು. ಮಂಡಳಿಯ ವ್ಯಾಪ್ತಿಗೆ ಬಾರದ ಕಟ್ಟಡದ ಕೂಲಿ, ಮನೆಗೆಲಸದಾಕೆ, ಕಿತ್ತಳೆ ತೋಟದ ಆಳು ಇವರಿಗೆ ಟೋಳಿಯೂ ಇಲ್ಲ, ಚೀಟಿಯೂ ಇಲ್ಲ. ಅವರು ಎರಡನೆಯ ದಿನವೇ ಕೆಲಸಕ್ಕೆ ಮರಳುತ್ತಾರೆ, ಅದೇ ಭಾರಕ್ಕೆ, ನೋವಿನ ಗುಳಿಗೆ ನುಂಗಿ. ‘ಬೇಗ ಕೆಲಸಕ್ಕೆ ಮರಳಿ’ ಎಂಬ ಪಾಶ್ಚಾತ್ಯ ಉಪದೇಶವನ್ನು ಹಾಗೇ ತಂದು ಇಲ್ಲಿ ಸುರಿಯಬಾರದು ಎನ್ನುವುದು ಇದಕ್ಕೇ. ನಮ್ಮಲ್ಲಿ ಅರ್ಧ ಜನ ತೀರ ತಡವಾಗಿ ಮರಳುತ್ತಾರೆ, ಇನ್ನರ್ಧ ಜನ ತೀರ ಬೇಗ. ಇಬ್ಬರಿಗೂ ಇಲ್ಲದ್ದು ಒಂದೇ, ನಡುವಿನ ಮೆಟ್ಟಿಲು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ 1968ರಷ್ಟು ಹಳೆಯ, ಇಂದಿಗೂ ಉಲ್ಲೇಖವಾಗುವ ಒಂದು ಲೆಕ್ಕವಿದೆ: ಬೆನ್ನುನೋವಿನಿಂದ ಆರು ತಿಂಗಳು ಮನೆಯಲ್ಲಿದ್ದವರಲ್ಲಿ ಅರ್ಧದಷ್ಟು, ಒಂದು ವರ್ಷ ಇದ್ದವರಲ್ಲಿ ಕಾಲು ಭಾಗ ಮಾತ್ರ ಕೆಲಸಕ್ಕೆ ಮರಳುತ್ತಾರೆ, ಎರಡು ವರ್ಷವಾದರೆ ಹೆಚ್ಚುಕಡಿಮೆ ಯಾರೂ ಇಲ್ಲ. ಅಂಕಿಗಳು ದೇಶಕಾಲಕ್ಕೆ ತಕ್ಕಂತೆ ಬದಲಾದರೂ ಇಳಿಜಾರು ಬದಲಾಗಿಲ್ಲ.

ಚಿಕಿತ್ಸೆಯ ಬಗ್ಗೆ ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಹೇಳಲು ಇರುವುದೇ ಚುಟುಕು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತು. ತಿಳಿವಳಿಕೆ, ವ್ಯಾಯಾಮ, ಕೈಯಿಂದ ಮಾಡುವ ಕೆಲವು ಚಿಕಿತ್ಸೆಗಳು, ಮನಸ್ಸಿನ ಭಯ ಬಿಡಿಸುವ ಮಾತುಕತೆ, ಬೇಕಾದಾಗ ಉರಿಯೂತ ಇಳಿಸುವ ಮಾತ್ರೆ ಇವಕ್ಕೆ ಹೂಂ ಅಂದಿತು. ಸೊಂಟದ ಬೆಲ್ಟ್, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ, ಚರ್ಮದ ಮೇಲಿಂದ ಕೊಡುವ ವಿದ್ಯುತ್ ಪ್ರಚೋದನೆ, ಅಫೀಮು ಜಾತಿಯ ನೋವುನಿವಾರಕ ಇವಕ್ಕೆ ಬೇಡ ಅಂದಿತು. ನಮ್ಮ ಊರುಗಳ ಚಿಕಿತ್ಸಾಲಯಗಳಲ್ಲಿ ಹೆಚ್ಚು ಬಿಲ್ ಆಗುವುದು ಎರಡನೆಯ ಪಟ್ಟಿಯಿಂದಲೇ ಎಂಬುದನ್ನು ಓದುಗರು ತಮ್ಮ ಹಳೆಯ ರಸೀದಿಗಳಲ್ಲಿ ನೋಡಿಕೊಳ್ಳಬಹುದು. ಮತ್ತೆ ಮತ್ತೆ ಸೊಂಟ ಹಿಡಿಯುವವರಿಗೆ ಆಸ್ಟ್ರೇಲಿಯಾದಿಂದ 2024ರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. 701 ಮಂದಿಯ ಪ್ರಯೋಗದಲ್ಲಿ, ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಹಿಡಿದದ್ದು ನಡುಮಟ್ಟಕ್ಕೆ 208 ದಿನ, ನಡೆಯದವರಿಗೆ 112. ನಾಗಪುರದ ಅಂಬಾಝರಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುವ ನಿವೃತ್ತರು ಇದಕ್ಕೆ ಏನೂ ಖರ್ಚು ಮಾಡುತ್ತಿಲ್ಲ.

ಅದೇ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1997ರಿಂದ ಟಿವಿಯಲ್ಲಿ, ಸೊಂಟನೋವಿಗೆ ಮಲಗಬೇಡಿ ಎಂದು ಪ್ರಚಾರ ನಡೆಸಿತು. ಪ್ರಚಾರದ ಅವಧಿಯಲ್ಲಿ ಬೆನ್ನುನೋವಿನ ಪರಿಹಾರದ ಅರ್ಜಿಗಳು ಶೇ 15ಕ್ಕಿಂತ ಹೆಚ್ಚು ಇಳಿದವು. ಆದರೆ ಮಾತಿನಿಂದ ಆಗುವುದು ಅಷ್ಟೇ. ಕೆಲಸದ ಜಾಗ ಬದಲಾಗದೆ, ಅರ್ಧ ಕೆಲಸಕ್ಕೂ ಪೂರ್ತಿ ಭತ್ಯೆಗೂ ನಡುವೆ ಒಂದು ಲೆಕ್ಕ ಹೊಂದದೆ, ಟಿವಿ ಜಾಹೀರಾತು ಬುಟಿಬೋರಿಯವನನ್ನು ಹಾಸಿಗೆಯಿಂದ ಏಳಿಸಲಾರದು. ಸಾಮಾಜಿಕ ಭದ್ರತೆಯ ಹಳೆಯ ಕಾಯ್ದೆಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಕೂಡಿಸುವಾಗ ಈ ಲೆಕ್ಕ ಸರಿಮಾಡಲು ಅವಕಾಶವಿತ್ತು. ಸರ್ಕಾರಿ ಸಂಸ್ಥೆಗಳ ನೌಕರರಿಗಾದರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಂದು ಬಾಗಿಲು ತೆರೆದಿದೆ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ಅದೇ ವೇತನದಲ್ಲಿ ಬೇರೆ ಹುದ್ದೆಗೆ ಹಾಕಬೇಕು. ಆದರೆ ಸೊಂಟ ಅಂಗವೈಕಲ್ಯದವರೆಗೆ ಹೋಗುವ ತನಕ ಆ ಬಾಗಿಲು ತೆರೆಯುವುದಿಲ್ಲ.

ಕಾಯ್ದೆ ತಿದ್ದುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸ ಇದೆ. ಸೊಂಟ ಹಿಡಿದು ವೈದ್ಯರ ಮುಂದೆ ಕೂತಾಗ, ‘ವಿಶ್ರಾಂತಿ ಬೇಕು’ ಎಂಬ ಒಂದೇ ಸಾಲಿನ ಚೀಟಿ ತೆಗೆದುಕೊಂಡು ಎದ್ದು ಬರಬೇಡಿ. ಅದರ ಕೆಳಗೆ ಇನ್ನೊಂದು ಸಾಲು ಬರೆದುಕೊಡಲು ಕೇಳಿ: ಎಷ್ಟು ಕೆಜಿಯವರೆಗೆ ಎತ್ತಬಹುದು, ಎಷ್ಟು ಹೊತ್ತು ಒಂದೇ ಕಡೆ ಕೂರಬಹುದು, ಯಾವ ತಾರೀಖಿನವರೆಗೆ. ಆ ಚೀಟಿಯನ್ನು ನಿಮ್ಮ ಮೇಸ್ತ್ರಿಯ ಕೈಗೆ ಕೊಡಿ. ನೀವೇ ಮೇಸ್ತ್ರಿಯಾಗಿದ್ದರೆ, ಓದಿ.